ಚಳಿಗಾಲದ ಎಣ್ಣೆ

ಗಂಡನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಉಗುರಿನ ಸಂದಿಯ ಕಪ್ಪನ್ನು ಬೆಂಕಿಕಡ್ಡಿಯ ತುದಿಯಿಂದ ಕೆರೆಯುತ್ತಿದ್ದಳು. ಕೈ ಮರದ ಹಾಗೆ ಸೆಟೆದಿತ್ತು. ನಾಲ್ಕು ಬೆರಳು ಮುಗಿಸಿ ಹೆಬ್ಬೆರಳಿಗೆ ಬಂದಾಗ ಪಕ್ಕದಲ್ಲಿ ಕೂತಿದ್ದ ಮಗಳು ತಡೆದಳು.

“ಸಾಕು ಬಿಡಮ್ಮ. ಅಪ್ಪ ಬದುಕಿದ್ದಾಗ ಹೋಗದ ಕಪ್ಪು ಈಗ ಹೋಗುತ್ತಾ?”

“ಬದುಕಿದ್ದಾಗ ಒಂದು ಗಳಿಗೆ ಸುಮ್ನೆ ಕೈ ಕೊಟ್ಟು ಕೂತಿದ್ರೆ ತಾನೆ?”

ಅದೇ ಹೊರಕೋಣೆಯಲ್ಲಿ ಸುತ್ತ ಏಳೆಂಟು ಜನ ಕೋಟು ಕಳಚದೆ ಕೂತಿದ್ದರು. ಎಲ್ಲರೂ ಒಂದಲ್ಲ ಒಂದು ದಿನ ಕೆಟ್ಟ ಟ್ರ್ಯಾಕ್ಟರನ್ನು ಈ ಮೆಕ್ಯಾನಿಕ್‌ನ ಬಾಗಿಲಿಗೆ ಎಳೆದು ತಂದವರೇ. ಬಾಗಿಲು ತೆರೆದುಕೊಂಡಿತು. ತಣ್ಣನೆ ಗಾಳಿಯ ಜೊತೆಗೆ ಗುಂಡಿ ತೋಡುವವನು ಬೂಟು ಒದರುತ್ತ ಒಳಬಂದ.

“ಅಕ್ಕಾ, ಕೇಳಬಾರದ ಹೊತ್ತಲ್ಲಿ ಕೇಳ್ತಿದೀನಿ. ನೆಲ ಕಲ್ಲಾಗಿದೆ, ಮೆಷಿನ್ ಇಲ್ದೆ ಆಗಲ್ಲ. ಟ್ರ್ಯಾಕ್ಟರೇನೋ ಸ್ಟಾರ್ಟ್ ಆಯ್ತು, ಹಿಂದೆ ತೋಡೋ ತೋಳೇ ಏಳ್ತಿಲ್ಲ. ಪಂಪು ಒಂದೇ ಸಮ ಕಿರುಗುಡ್ತಿದೆ.”

“ಒಳಗೆ ಇನ್ನೂ ಬೇಸಿಗೆಯ ದಪ್ಪ ಎಣ್ಣೇನೇ ಇದೆಯಾ? ಈ ಚಳಿಗೆ ಅದು ಹರಿಯಲ್ಲ,” ಅಂದಳು ಅವಳು.

“ಹೂಂ. ಈ ವಾರ ಬದಲಾಯಿಸಿಕೊಡ್ತೀನಿ ಅಂದಿದ್ರು ಅಣ್ಣ. ಈಗ ನೋಡಿ, ಅವರ ಗುಂಡಿಗೇ...” ಅವನು ನಾಲಿಗೆ ಕಚ್ಚಿಕೊಂಡ.

“ಊರಲ್ಲಿ ಒಬ್ಬರ ಕೆಲಸಾನೂ ಬಾಕಿ ಇಟ್ಟವನಲ್ಲ ಆತ,” ಅಂದಳು ಎದುರುಮನೆಯ ಬೇಕರಿಯವಳು. “ಇದೊಂದನ್ನ ಮಾತ್ರ ಉಳಿಸಿಕೊಂಡಿದ್ದಾನೆ ನೋಡು. ಹೋಗೋಕೆ ಮನಸ್ಸಿಲ್ಲ.”

ಯಾರೋ ನಗಲು ಹೋಗಿ ಕೆಮ್ಮಿದರು. ಮೂಲೆಯಲ್ಲಿದ್ದ ಮುದುಕನೊಬ್ಬ ಪಕ್ಕದವನ ಕಿವಿಗೆ ಬಾಗಿ, ತಾನು ಮೆಲ್ಲಗೆ ಆಡುತ್ತಿದ್ದೇನೆಂಬ ಭ್ರಮೆಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದ: “ಎಣ್ಣೆ ಸುದ್ದಿ ಈ ಮನೇಲಿ ಎತ್ತಬಾರದಪ್ಪ. ತಮ್ಮನ ಕೈ ತಿಂದದ್ದು ಇವನು ಹಾಕಿದ ಎಣ್ಣೇನೇ ಅಲ್ವಾ?”

ಆ ತಮ್ಮ ಬಾಗಿಲ ಬಳಿಯೇ ನಿಂತಿದ್ದ. ಇಪ್ಪತ್ತೆರಡು ವರ್ಷಗಳ ನಂತರ ಈ ಹೊಸ್ತಿಲು ದಾಟಿದ್ದ. ಕೂರಲಿಲ್ಲ, ಅಣ್ಣನ ಮುಖದ ಕಡೆಗೂ ನೋಡಲಿಲ್ಲ. ಕೋಟಿನ ಬಲತೋಳನ್ನು ಮಣಿಕಟ್ಟಿನ ಹತ್ತಿರ ಮಡಚಿ ಪಿನ್ನು ಹಾಕಿತ್ತು.

ಅವಳು ಗಂಡನ ಕೈಯನ್ನು ಎದೆಯ ಮೇಲೆ ತಿರುಗಿ ಇಟ್ಟಳು. ಮೂರು ಗಂಟೆಗೆ ಪೆಟ್ಟಿಗೆ ಮುಚ್ಚುತ್ತಾರೆ. ಆಮೇಲೆ ಈ ಮನುಷ್ಯನ ವಿಷಯದಲ್ಲಿ ಊರಿಗೆ ನೆನಪಿರುವುದು ಒಂದೇ ಮಾತು, ಆ ಮಾತು ಸುಳ್ಳು. ಸುಳ್ಳೆಂದು ಗೊತ್ತಿದ್ದವರು ಇಬ್ಬರೇ. ಅವರಲ್ಲಿ ಒಬ್ಬ ಹೀಗೆ ಮಲಗಿದ್ದಾನೆ.

“ಯಾವ ಕ್ಯಾನು ಅಂತ ಹೇಳಿ ಅಕ್ಕ, ನಾನೇ ಒಯ್ತೀನಿ.”

“ಹಾಗೆ ಹೇಳೋಕಾಗಲ್ಲ, ನೋಡ್ಬೇಕು.” ಅವಳು ಎದ್ದು ಮಗಳ ಕಡೆ ತಿರುಗಿದಳು. “ನಿನ್ನ ಚಿಕ್ಕಪ್ಪನ್ನ ನನ್ನ ಜೊತೆ ಬರೋಕೆ ಹೇಳು. ಕ್ಯಾನ್ ಹೊರೋಕೆ ಜನ ಬೇಕು.”

“ಹೊರೋಕೆ ಅವನೇ ಸಿಕ್ಕಿದ್ನಾ ನಿಂಗೆ?” ಅಂದಳು ಬೇಕರಿಯವಳು.

*

ಆಗಲೂ ಇಂಥದೇ ಬೆಳಗು. ಮಗಳಿಗೆ ನಾಲ್ಕು ವರ್ಷ, ಮೈ ಕೆಂಡದಂಥ ಜ್ವರ. ಗಂಡ ಬಿಡಿಭಾಗ ತರಲು ಹೊರಟವನು ಬಾಗಿಲಲ್ಲಿ ನಿಂತು ಹೇಳಿದ್ದ: “ತಮ್ಮ ಟ್ರ್ಯಾಕ್ಟರ್ ಒಯ್ಯೋಕೆ ಬರ್ತಾನೆ. ಹಳೆ ಎಣ್ಣೆ ಇಳಿಸಿಟ್ಟಿದೀನಿ. ಕಿಟಕಿ ಕೆಳಗಿನ ಕ್ಯಾನಿಂದ ತುಂಬಿಸಿಬಿಡು, ಅಷ್ಟೆ.”

ಕಿಟಕಿ ಕೆಳಗಿನ ಕ್ಯಾನಿನ ಮುಚ್ಚಳ ಚಳಿಗೆ ಕಚ್ಚಿಕೊಂಡಿತ್ತು. ಬಟ್ಟೆ ಸುತ್ತಿ ತಿರುಗಿಸಿದಳು, ಸುತ್ತಿಗೆಯಿಂದ ತಟ್ಟಿದಳು. ಜಗ್ಗಲಿಲ್ಲ. ಒಳಗೆ ಮಗು ಅಳುತ್ತಿತ್ತು. ಪಕ್ಕದ ಕ್ಯಾನಿನ ಮುಚ್ಚಳ ಮುಟ್ಟಿದೊಡನೆ ಬಿಚ್ಚಿಕೊಂಡಿತು. ಅದನ್ನೇ ಎತ್ತಿ ಸುರಿದಳು.

ಎಣ್ಣೆ ನೀರಿನ ಹಾಗೆ ಬೀಳಲಿಲ್ಲ. ಹಗ್ಗದ ಹಾಗೆ ಇಳಿದು, ಲಾಳಿಕೆಯಲ್ಲಿ ಮಡಿಕೆ ಮಡಿಕೆಯಾಗಿ ಕೂತು, ಬಹಳ ಹೊತ್ತಿನ ಮೇಲೆ ಒಳಗೆ ಜಾರಿತು. ಅವಳು ಅದನ್ನು ನೋಡಿದಳು. ನೋಡಿ, ಇದು ಬೇಸಿಗೆಯದು ಎಂದು ತಿಳಿದಳು. ತಿಳಿದೂ, ಎಂಜಿನ್ ಕಾದರೆ ತಾನೇ ಸರಿಹೋಗುತ್ತದೆ ಅಂದುಕೊಂಡು ಕೈಯುಜ್ಜಿಕೊಳ್ಳುತ್ತ ಮಗುವಿನ ಹತ್ತಿರ ಓಡಿದಳು. ಅವಳು ಮಾಡಿದ್ದು ಅಷ್ಟೇ.

ಹೊಲದಲ್ಲಿ ಮೈದುನ ಲಿವರ್ ಎತ್ತಿದಾಗ ಹಿಂದಿನ ತೋಳು ಅಲ್ಲಾಡಲಿಲ್ಲ. ಎತ್ತಿದ ಲಿವರನ್ನು ಹಾಗೇ ಬಿಟ್ಟು ಇಳಿದು, ಮಣ್ಣು ಸಿಕ್ಕಿದೆಯೇನೋ ಎಂದು ಸಂದಿಯೊಳಗೆ ಕೈ ಹಾಕಿದ್ದ. ಅಷ್ಟರಲ್ಲಿ ಕಾದ ಎಣ್ಣೆ ಹರಿಯಿತು. ತೋಳು ಒಂದೇ ಏಟಿಗೆ ಮೇಲೆದ್ದಿತು.

ಆಸ್ಪತ್ರೆಯಿಂದ ಬಂದ ಗಂಡ ಕೋಟು ಸಹ ತೆಗೆಯದೆ ಅಡುಗೆಮನೆಯಲ್ಲಿ ನಿಂತ. ಅವಳು ಎಲ್ಲವನ್ನೂ ಹೇಳಿದಳು. ಅವನು ಕೊನೆತನಕ ಕೇಳಿದ.

“ತುಂಬಿದ್ದು ನಾನು,” ಅಂದ. “ನೀನಲ್ಲ. ನೋಡಿ ಕಳಿಸಬೇಕಾದವನು ನಾನು. ಈ ಮಾತು ಇನ್ನೊಂದ್ಸಲ ಈ ಮನೇಲಿ ಬರಕೂಡದು.”

ಬರಲಿಲ್ಲ. ಮೊದಲ ವರ್ಷ ಅವಳು ಅದನ್ನು ಪ್ರೀತಿ ಅಂದುಕೊಂಡಳು. ಹತ್ತನೆಯ ವರ್ಷದ ಹೊತ್ತಿಗೆ, ತನ್ನ ತಪ್ಪನ್ನೂ ತನ್ನಿಂದ ಕಿತ್ತುಕೊಂಡು ಬೀಗ ಹಾಕಿಟ್ಟಿದ್ದಾನೆ ಅನ್ನಿಸಿತು. ಬೀಗದ ಕೈ ಕೇಳುವ ಧೈರ್ಯ ಅವಳಿಗಿರಲಿಲ್ಲ, ನಿಜ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ. ಓರಗಿತ್ತಿ ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಅಷ್ಟಕ್ಕೇ ಮುಗಿಯಿತಲ್ಲ ಎಂದು ಇವಳಿಗೆ ಸಮಾಧಾನವಾಗುತ್ತಿತ್ತು. ಹಾಗೆ ಸಮಾಧಾನಪಟ್ಟ ದಿನ ಊಟ ಸೇರುತ್ತಿರಲಿಲ್ಲ.

ಆ ಚಳಿಗಾಲದಿಂದಲೇ ಗಂಡನ ಎಣಿಕೆ ಶುರುವಾಗಿದ್ದು. ಸಂಜೆ ಮೂರು ಬಾಟಲಿಗಳಲ್ಲಿ ಮೂರು ಬಗೆಯ ಎಣ್ಣೆ ಹಾಕಿ ವರ್ಕ್‌ಶಾಪಿನ ಕಿಟಕಿಯ ಹೊರಗಿಡುತ್ತಿದ್ದ. ರಾತ್ರಿಯ ಚಳಿಗೆ ಯಾವುದು ಎಷ್ಟು ದಪ್ಪಗಾಗಿದೆ ಎಂದು ತಿಳಿಯಲು ಬೆಳಿಗ್ಗೆ ಒಂದೊಂದನ್ನೇ ಓರೆ ಮಾಡಿ, ಎಣ್ಣೆ ಬಾಯಿ ಮುಟ್ಟುವ ತನಕ ಗಟ್ಟಿಯಾಗಿ ಎಣಿಸುತ್ತಿದ್ದ. ಅವಳು ಹಾಸಿಗೆಯಲ್ಲಿ ಮಲಗಿಯೇ ಕೇಳುತ್ತಿದ್ದಳು. ಒಂದು, ಎರಡು, ಮೂರು. ಅವಳನ್ನು ಯಾರೂ ಬೈಯುತ್ತಿರಲಿಲ್ಲ. ಆದರೂ ಪ್ರತಿ ಅಂಕಿಗೂ ಅವಳ ಮೈ ಕುಗ್ಗುತ್ತಿತ್ತು.

ಈ ದಿನ ಬೆಳಿಗ್ಗೆಯೂ ಕೇಳಿಸಿತು. ಅವನು ಹೋಗಿ ಎರಡು ದಿನವಾಗಿತ್ತು. ಎಣಿಕೆ ಏಳಕ್ಕೆ ನಿಂತಿತು.

*

ವರ್ಕ್‌ಶಾಪಿನ ಕಿಟಕಿಯ ಹೊರಗೆ ಮೂರೂ ಬಾಟಲಿಗಳು ಅವನು ಇಟ್ಟ ಹಾಗೆಯೇ ಇದ್ದವು. ಅವಳು ಮೊದಲನೆಯದನ್ನು ಓರೆ ಮಾಡಿದಳು. ಇಪ್ಪತ್ತರವರೆಗೆ ಎಣಿಸಿದರೂ ಎಣ್ಣೆ ಅಲುಗಲಿಲ್ಲ. ಮೂರನೆಯದು ಎರಡಕ್ಕೇ ಹರಿದು ಬಂತು.

“ಇದೇ ಆಗಬಹುದಲ್ಲ,” ಅಂದ ಮೈದುನ. ಬಂದ ಮೇಲೆ ಅವನಾಡಿದ ಮೊದಲ ಮಾತು.

“ಹೊಸ ಪಂಪಿಗಾದ್ರೆ ಆಗುತ್ತೆ. ಗುಂಡಿ ತೋಡೋನದು ಸವೆದ ಪಂಪು. ಇಷ್ಟು ತೆಳು ಎಣ್ಣೆ ಸಂದೀಲೇ ಸೋರಿಹೋಗುತ್ತೆ, ಎದ್ದ ತೋಳು ನಿಲ್ಲಲ್ಲ. ಮುದಿ ಟ್ರ್ಯಾಕ್ಟರಿಗೆ ಎರಡೂ ಕಷ್ಟ, ದಪ್ಪ ಇದ್ರೆ ನುಂಗಲ್ಲ, ತೆಳು ಇದ್ರೆ ತಾಳಲ್ಲ.”

ನಡುವಿನ ಬಾಟಲಿಯನ್ನು ಓರೆ ಮಾಡಿದಳು. ಐದು. ಆರು. ಏಳಕ್ಕೆ ಎಣ್ಣೆ ಬಾಟಲಿಯ ಬಾಯಿಗೆ ಬಂದು ನಿಂತಿತು. ಅವಳಿಗೆ ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು. ತಿರುಗಿದರೆ ಮೈದುನ ಬಾಗಿಲ ಹತ್ತಿರವಿದ್ದ, ನಾಲ್ಕು ಮಾರು ದೂರದಲ್ಲಿ.

“ಇದೇನು ಆಟ, ಅತ್ತಿಗೆ?”

“ನಿನ್ನ ಕೈ ಹೋದ ಮೇಲೆ ನಿಮ್ಮಣ್ಣ ಕಲಿತ ಆಟ.”

ಅವಳು ಆ ನಡುವಿನ ಎಣ್ಣೆಯ ಕ್ಯಾನನ್ನು ತೋರಿಸಿದಳು. ಅವನು ಅದನ್ನು ಎಡಗೈಯಲ್ಲಿ ಎತ್ತಿಕೊಂಡು ಮುಂದೆ ನಡೆದ.

*

ಬೀದಿಯ ಕೊನೆಯಲ್ಲಿ ಸ್ಮಶಾನ. ನೆಲದಲ್ಲಿ ನಾಲ್ಕು ಗೂಟ ಹೊಡೆದು ಗುರುತು ಮಾಡಿತ್ತು. ಗುಂಡಿ ತೋಡುವವನು ಪಕ್ಕದಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಹಳೆ ಎಣ್ಣೆಯನ್ನು ಬಕೆಟ್ಟಿಗೆ ಇಳಿಸಿ, ಪೀಪಾಯಿಗೆ ಸುರಿದು ಬರಲು ಗೇಟಿನ ಕಡೆಗೆ ಹೋದ. ಮೈದುನ ಲಾಳಿಕೆ ಹಿಡಿದ. ಅವಳು ಕ್ಯಾನನ್ನು ತೊಡೆಗೆ ಆನಿಸಿ ಬಗ್ಗಿಸಿದಳು. ಎಣ್ಣೆ ಸಣ್ಣಗೆ, ಒಂದೇ ಸಮನೆ ಇಳಿಯತೊಡಗಿತು.

“ಆವತ್ತು ಹೀಗೆ ಇಳೀಲಿಲ್ಲ,” ಅಂದಳು. “ಮಡಿಚಿ ಮಡಿಚಿ ಬಿತ್ತು. ನಾನು ನೋಡ್ದೆ.”

“ನೀವ್ಯಾಕೆ ನೋಡ್ತೀರಿ?”

“ಸುರಿದದ್ದು ನಾನಾದ್ರಿಂದ. ನಿಮ್ಮಣ್ಣ ಊರಲ್ಲೇ ಇರಲಿಲ್ಲ. ಅವರು ಹೇಳಿದ ಕ್ಯಾನಿನ ಮುಚ್ಚಳ ಬಿಚ್ಚಲಿಲ್ಲ ಅಂತ ಇನ್ನೊಂದನ್ನ ತಗೊಂಡೆ. ಅದು ತಪ್ಪು ಎಣ್ಣೆ ಅಂತ ಸುರಿಯೋವಾಗ್ಲೇ ಗೊತ್ತಾಯ್ತು. ಗೊತ್ತಾಗಿಯೂ ಬಿಟ್ಟೆ. ನೀನು ಬಂದು ಗಾಡಿ ತಗೊಂಡು ಹೋಗೋವಾಗ ಒಳಗಿದ್ದೆ. ಕಿಟಕಿಯಿಂದ ಕೂಗಿದ್ರೆ ಸಾಕಿತ್ತು.”

ಲಾಳಿಕೆ ಅಲುಗಲಿಲ್ಲ. ಎಣ್ಣೆ ಮುಗಿಯುವ ತನಕ ಅವನು ಅದನ್ನು ನೆಟ್ಟಗೆ ಹಿಡಿದೇ ಇದ್ದ. ಆಮೇಲೆ ಕೆಳಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಪ್ರತಿ ಚಳಿಗಾಲಕ್ಕೂ ಬರ್ತಿದ್ದ ಅವನು,” ಅಂದ. “ಗೊತ್ತಾ ನಿಮ್ಗೆ?”

“ಎಲ್ಲಿಗೆ?”

“ನಮ್ಮನೆಗೆ. ಮೊದಲ ಹಿಮ ಬಿದ್ದ ದಿನ ಬಾಗಿಲ ಮುಂದೆ ಒಂದು ಕ್ಯಾನ್ ಇಡ್ತಿದ್ದ. ಬಾಗಿಲು ತಟ್ತಿದ್ದ. ನಾನು ತೆಗೀತಿರಲಿಲ್ಲ. ಸ್ವಲ್ಪ ಹೊತ್ತು ನಿಂತು ಹೋಗ್ತಿದ್ದ. ಹೋದ ಮೇಲೆ ಎಣ್ಣೇನ ಚರಂಡಿಗೆ ಸುರೀತಿದ್ದೆ. ಅವನು ಬೀದಿ ತಿರುಗೋದ್ರೊಳಗೆ, ಅವನಿಗೆ ಕಾಣೋ ಹಾಗೆ. ಇಪ್ಪತ್ತೆರಡು ಸಲ. ಈ ವರ್ಷದ್ದೂ ಸೇರಿ.”

ಅವಳಿಗೆ ಗೊತ್ತಿರಲಿಲ್ಲ. ಮೊದಲ ಹಿಮದ ದಿನ ಅವನು ತಡವಾಗಿ ಬಂದು, ಬೂಟು ಬಿಚ್ಚದೆ ಒಲೆಯ ಮುಂದೆ ಕೂರುತ್ತಿದ್ದುದು ಮಾತ್ರ ಗೊತ್ತಿತ್ತು.

“ಹೋದ ವಾರ ಹೇಳಿದ್ರೆ ಏನಾಗ್ತಿತ್ತು ಅತ್ತಿಗೆ?” ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. “ಹೋದ ವಾರ ಅವನಿದ್ದ. ಹೋಗಿ ಬಾಗಿಲು ತಟ್ತಿದ್ದೆ. ಈಗ ಇದನ್ನ ಇಟ್ಕೊಂಡು ನಾನು ಯಾರ ಹತ್ರ ಹೋಗ್ಲಿ?”

ಗಂಡನ ಹೆಸರನ್ನು ತೊಳೆಯುತ್ತೇನೆಂದು ಹೊರಟವಳು, ಅವನ ತಮ್ಮನಿಗೆ ಉಳಿದಿದ್ದ ಒಂದೇ ಒಂದು ಆಸರೆಯನ್ನು, ಆ ಸಿಟ್ಟನ್ನು, ಕಿತ್ತುಕೊಂಡಿದ್ದಳು.

ಗುಂಡಿ ತೋಡುವವನು ಬಂದು ಎಂಜಿನ್ ಶುರುಮಾಡಿದ. ಪಂಪಿನ ಕಿರುಗುಟ್ಟುವಿಕೆ ನಿಂತು ಮೆಲ್ಲನೆಯ ಗುನುಗು ಕೇಳಿಸಿತು.

“ಅರ್ಧ ಗಂಟೆ ಹೀಗೇ ಓಡ್ಲಿ,” ಅಂದಳು ಅವಳು. “ಲಿವರ್ ಕೆಳಗೇ ಇರ್ಲಿ. ಎಣ್ಣೆ ಕಾಯೋ ತನಕ ಯಾರೂ ಹಿಂದೆ ಹೋಗ್ಬೇಡಿ.”

ಅರ್ಧ ಗಂಟೆ ಸುಮ್ಮನೆ ನಿಲ್ಲುವುದು ಮೈದುನನಿಂದಾಗಲಿಲ್ಲ. ಗೋಡೆಗೆ ಒರಗಿಸಿದ್ದ ಪಿಕಾಸಿಯನ್ನು ತಂದು, ಗೂಟಗಳ ನಡುವೆ ನಿಂತು, ಎಡಗೈಯಲ್ಲಿ ಎತ್ತಿದ. ಅದು ಗಾಳಿಯಲ್ಲೇ ತಿರುಗಿ ಓರೆಯಾಗಿ ಬಿತ್ತು. ಗುಂಡಿ ತೋಡುವವನು “ಕೊಡಿ ಅಣ್ಣ, ಮೆಷಿನ್ ಈಗ...” ಎಂದು ಮುಂದೆ ಬಂದವನು ಅವನ ಮುಖ ನೋಡಿ ಹಿಂದೆ ಸರಿದ. ಎರಡನೆಯ ಏಟೂ ಜಾರಿತು. ಮಡಚಿದ ಬಲತೋಳು ಹಿಡಿಯನ್ನು ಹುಡುಕುವಂತೆ ತಾನಾಗಿ ಮುಂದೆ ಬಂದು ನಿಂತಿತು.

ಅವನು ತಿರುಗಿ ನೋಡಲಿಲ್ಲ.

“ಹಿಡ್ಕೊಳ್ಳಿ, ಅತ್ತಿಗೆ.”

ಅವಳು ಹೋಗಿ ಅವನ ಬಲಕ್ಕೆ ನಿಂತು, ಖಾಲಿ ಇದ್ದ ಜಾಗದಲ್ಲಿ ಹಿಡಿಯನ್ನು ಹಿಡಿದಳು. ಇಬ್ಬರೂ ಎತ್ತಿದರು. ಪಿಕಾಸಿ ನೆಟ್ಟಗೆ ಇಳಿಯಿತು. ಹೆಪ್ಪುಗಟ್ಟಿದ ನೆಲದಿಂದ ಒಂದು ಹಿಡಿ ಮಣ್ಣೂ ಏಳಲಿಲ್ಲ. ಸೀಮೆಸುಣ್ಣದಲ್ಲಿ ಎಳೆದಂಥ ಒಂದು ಬಿಳಿ ಗೀರು ಮೂಡಿತು, ಅಷ್ಟೇ. ಮತ್ತೆ ಎತ್ತಿದರು. ಅದರ ಪಕ್ಕದಲ್ಲಿ ಇನ್ನೊಂದು.