ಶುಕ್ರವಾರದ ಎಣ್ಣೆನೀರು

ತಮಿಳು ಸೀಮೆಯ ರಾಯಪುರಂನಲ್ಲಿ ಮಗನ ಮನೆಯಲ್ಲಿದ್ದ ಶಿವಲಿಂಗಮ್ಮನಿಗೆ ಮೊಮ್ಮಗಳು ವಿಭಾಳದೇ ಚಿಂತೆ. ಹುಡುಗಿ ಎರಡನೇ ಕ್ಲಾಸು. ಮಾತು ಅರಳು ಹುರಿದ ಹಾಗೆ, ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ, ಬೈದರೆ ಇಂಗ್ಲಿಷಿನಲ್ಲಿ ಸಾರಿ. ಆದರೆ ಕಳೆಯುವ ಲೆಕ್ಕ ಅಂದರೆ ಸಾಕು, ಬಾಯಿಗೆ ಬೀಗ ಬೀಳುತ್ತಿತ್ತು. ಸೋಮವಾರ ಬೆಳಗಾಯಿತೆಂದರೆ ಹೊಟ್ಟೆನೋವು. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಏನೂ ಇಲ್ಲ ಅಂದರು. ದೃಷ್ಟಿ ತೆಗೆದದ್ದಾಯಿತು, ತಾಯತ ಕಟ್ಟಿಸಿದ್ದಾಯಿತು, ಬುದ್ಧಿ ಚುರುಕಾಗಲಿ ಅಂತ ದಿನಾ ಒಂದೆಲಗದ ಚಟ್ನಿ ತಿನ್ನಿಸಿದ್ದೂ ಆಯಿತು. ಮಗು ಚಟ್ನಿ ತಿಂದಿತೇ ಹೊರತು ಲೆಕ್ಕ ಮಾತ್ರ ಬರಲಿಲ್ಲ.

ಅವತ್ತು ಗುರುವಾರ ಸಂಜೆ. ಸೌಕಾರ್‌ಪೇಟೆಯ ಬ್ಯಾಂಕಿನಿಂದ ಸುಸ್ತಾಗಿ ಬಂದ ಮಗ ಪ್ರತಾಪ್, ಮಗಳನ್ನು ಎದುರಿಗೆ ಕೂರಿಸಿಕೊಂಡು ಮೂವತ್ತೆರಡರಲ್ಲಿ ಹದಿನೈದು ಕಳೆ ಅಂದ.

"ಎರಡರಲ್ಲಿ ಐದು ಹೋಗಲ್ಲ ಅಲ್ವಾ? ಪಕ್ಕದ ಮೂರರ ಹತ್ರ ಒಂದು ಕಡ ತಗೋ. ಈಗ ಹನ್ನೆರಡು ಆಯ್ತು."

ವಿಭಾ ಹಾಳೆಯನ್ನೇ ನೋಡಿದಳು. "ಅಪ್ಪಾ, ಎರಡಕ್ಕೆ ಒಂದು ಸೇರಿಸಿದ್ರೆ ಮೂರುದಾನೇ ಆಗೋದು? ಹನ್ನೆರಡು ಎಪ್ಪಡಿ ಆಯ್ತು?"

"ಅದು ಹಾಗೇ! ಹೇಳಿದಷ್ಟು ಮಾಡು."

ಮಾಡಿದಳು, ತಪ್ಪಾಯಿತು. ಮತ್ತೆ ಮಾಡಿದಳು, ಇನ್ನೊಂದು ಥರ ತಪ್ಪಾಯಿತು. ಪ್ರತಾಪನಿಗೆ ರೇಗಿತು. ಅಡಿಗೆಮನೆಯಲ್ಲಿದ್ದ ಹೆಂಡತಿ ಅನಸೂಯಳಿಗೆ ಕೇಳಲಿ ಅಂತಲೇ ಗಟ್ಟಿಯಾಗಿ ಹೇಳಿದ: "ಇವಳ ಕೈಲಾಗಲ್ಲ ಕಣೇ. ಮುಂದಿನ ವರ್ಷ ಬೇರೆ ಸ್ಕೂಲಿಗೆ ಹಾಕಿ ಮತ್ತೆ ಒಂದನೇ ಕ್ಲಾಸಿಗೇ ಕೂರಿಸೋಣ."

ಅನಸೂಯ ಅಣ್ಣಾ ನಗರ್‌ನ ವಿಮಾ ಆಫೀಸಿನಿಂದ ಆಗತಾನೇ ಬಂದಿದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ವಿಭಾ ಮೆಲ್ಲಗೆ ಎದ್ದು ಬಂದು ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿದಳು.

"ನಾನು ಮಕ್ಕು ಅಜ್ಜಿ. ಕ್ಲಾಸಲ್ಲೂ ಎಲ್ಲರೂ ಹಾಗೇ ಕೂಗ್ತಾರೆ."

ಮಕ್ಕು ಅಂದರೆ ದಡ್ಡಿ. ಅಷ್ಟು ತಮಿಳು ಶಿವಲಿಂಗಮ್ಮನಿಗೂ ಬರುತ್ತಿತ್ತು. ಮೊಮ್ಮಗಳ ತಲೆ ಸವರಿದರು. ಏಳು ವರ್ಷದ ಕೂಸಿನ ಬಾಯಲ್ಲಿ ಬರುವ ಮಾತೇ ಇದು?

"ಯಾರವ್ಳೇ ನಿನ್ನ ಹಂಗಂದೋಳು? ನಿಂಗೇನೂ ಆಗಿಲ್ಲ ಕಂದ, ತಲೆ ಕಾದದೆ ಅಷ್ಟೆ. ನಾಳೆ ಶುಕ್ರವಾರ ಅಲ್ವಾ, ಇನ್ನೊಂದು ಬಟ್ಟಲು ಎಣ್ಣೆ ಜಾಸ್ತಿ ಮಡಗ್ತೀನಿ. ತಂಪಾಯ್ತದೆ."

ಈ ಶುಕ್ರವಾರದ ಸಂಗತಿ ಹೇಳಲೇಬೇಕು. ಶಿವಲಿಂಗಮ್ಮ ನಂಜನಗೂಡು ಕಡೆಯವರು. ಹೆಣ್ಣುಮಕ್ಕಳಿಗೆ ಮಂಗಳವಾರ, ಶುಕ್ರವಾರ ಎಣ್ಣೆನೀರು, ಗಂಡಸರಿಗೆ ಶನಿವಾರ. ಅದು ಅವರ ಅಜ್ಜಿಯ ಕಾಲದಿಂದ ಬಂದ ಕಟ್ಟಳೆ. ಶಾಲೆ ಶುರುವಾದಾಗ ಮಂಗಳವಾರ ಬಿಟ್ಟರು, ಪಾಠ ಇರುತ್ತದಲ್ಲ ಅಂತ. ಶುಕ್ರವಾರ ಮಾತ್ರ ಬಿಡಲಿಲ್ಲ. ಯಾಕೆಂದರೆ ಆ ಶಾಲೆಯಲ್ಲಿ ಶುಕ್ರವಾರ ಪುಸ್ತಕ ತರಬೇಡಿ ಅನ್ನುತ್ತಿದ್ದರು. ಕಡ್ಡಿ ತನ್ನಿ, ಹುಣಸೆಬೀಜ ತನ್ನಿ, ತೆಂಗಿನ ಚಿಪ್ಪು ತನ್ನಿ! ಪುಸ್ತಕವಿಲ್ಲದ ದಿನ ಅದೆಂಥ ಸ್ಕೂಲು? ಮಗ ಸೊಸೆ ಎಂಟು ಗಂಟೆಗೇ ಆಫೀಸಿಗೆ ಹೊರಟುಬಿಡುತ್ತಿದ್ದರು. ಆಮೇಲೆ ಮನೆಯಲ್ಲಿ ಅಜ್ಜಿಯದೇ ದರ್ಬಾರು. ಮಗುವಿಗೆ ತಲೆತುಂಬ ಎಣ್ಣೆ, ಸೀಗೆಪುಡಿ, ಬಿಸಿ ಬಿಸಿ ನೀರು, ಕೂದಲಿಗೆ ಸಾಂಬ್ರಾಣಿ ಹೊಗೆ. ಅಷ್ಟಾದ ಮೇಲೆ ಯಾವ ಮಗು ಎಚ್ಚರವಿರುತ್ತದೆ ಹೇಳಿ? ವಿಭಾ ಮಧ್ಯಾಹ್ನದವರೆಗೂ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದಳು. ಮಗ ಸೊಸೆಗೂ ಇದು ಗೊತ್ತಿತ್ತು. ಆಟದ ದಿನ ತಾನೇ, ಹೋಗಲಿ ಬಿಡು ಅಂದುಕೊಂಡಿದ್ದರು.

ಮರುದಿನ ಬೆಳಗ್ಗೆ ಶಿವಲಿಂಗಮ್ಮ ಎಣ್ಣೆ ಬೆಚ್ಚಗೆ ಮಾಡಿ, ಮೊಮ್ಮಗಳನ್ನು ಮಣೆಯ ಮೇಲೆ ಕೂರಿಸಿ, ಇನ್ನೇನು ನೆತ್ತಿಗೆ ಇಡಬೇಕು, ಬಾಗಿಲಲ್ಲಿ ಸುಗುಣಾ ನಿಂತಿದ್ದಳು. ಪಕ್ಕದ ಮನೆಯವಳು. ಅಜ್ಜನ ಕಾಲದಲ್ಲೇ ರೈಲ್ವೆ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತ ಕನ್ನಡದವರ ಮಗಳು, ಮಾತಿನಲ್ಲಿ ಅರ್ಧ ತಮಿಳು. ಮಗನನ್ನೂ ಅದೇ ಶಾಲೆಗೆ ಹಾಕಿದ್ದಳು, ಅಲ್ಲಿನ ಪೋಷಕರ ಸಮಿತಿಯಲ್ಲೂ ಇದ್ದಳು.

"ಏನ್ ದೊಡ್ಡಮ್ಮಾ, ಪಾಪಾ ಇನ್ನೂ ಹೊರಟಿಲ್ವಾ?"

"ಇವತ್ತು ಶುಕ್ರವಾರ ಕಣವ್ವ. ಎಣ್ಣೆನೀರು."

"ಹೋದ ವಾರ?"

"ಹೋದ ವಾರವೂ ಶುಕ್ರವಾರ ಬಂದಿತ್ತಲ್ವಾ? ಅವತ್ತೂ ಎಣ್ಣೆನೀರೇ."

"ಅಯ್ಯೋ ಕಡವುಳೇ! ಹಾಗಾದ್ರೆ ಒಂದು ವಾರವೂ ಕಳಿಸಿಲ್ವಾ?" ಸುಗುಣಾ ಕೆನ್ನೆಗೆ ಕೈ ಕೊಟ್ಟು ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟಳು.

"ಕಳ್ಸಿ ಏನ್ ಮಾಡದು? ಕಡ್ಡಿ ಎಣಿಸೋಕೆ, ಬೀಜ ಉರುಳ್ಸೋಕೆ ಸ್ಕೂಲ್ ಬೇಕಾ? ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟ ಅಂದಂಗಾಯ್ತು ನಿಮ್ಮ ಟೀಚರಮ್ಮನ ಕತೆ."

"ಅದು ಚುಮ್ಮಾ ಆಟ ಅಲ್ಲ ದೊಡ್ಡಮ್ಮಾ. ಸೋಮವಾರದಿಂದ ಗುರುವಾರದವರೆಗೂ ಬೋರ್ಡಲ್ಲಿ ಹೇಳ್ಕೊಟ್ಟಿದ್ದನ್ನ ಶುಕ್ರವಾರ ಮಕ್ಕಳು ಕೈಯಲ್ಲಿ ಮಾಡಿ ನೋಡ್ತಾರೆ. ಅವತ್ತೇ ಅವರಿಗೆ ಪುರಿಯೋದು, ತಲೆಗೆ ಹತ್ತೋದು."

"ಪುಸ್ತಕದಲ್ಲೇ ಪುರಿಯದ್ದು ಕಡ್ಡೀಲಿ ಪುರಿಯುತ್ತಾ?"

"ನೀವು ಅಡಿಗೆ ಕಲಿತದ್ದು ಪುಸ್ತಕ ಓದೀನಾ?"

ಶಿವಲಿಂಗಮ್ಮ ಎಣ್ಣೆಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಮುದುಕಿ ಹಟಮಾರಿ ನಿಜ, ಆದರೆ ಪೆದ್ದಿಯಲ್ಲ.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?" ಸುಗುಣಾ ಎದ್ದಳು. "ಇವತ್ತೊಂದು ದಿನ ಎಣ್ಣೆ ಬಿಡಿ. ಪಾಪಾನ ಕರ್ಕೊಂಡು ನೀವೂ ಬನ್ನಿ. ಕ್ಲಾಸಲ್ಲಿ ಕೂತು ಕಣ್ಣಾರೆ ನೋಡಿ. ಅದು ಬರೀ ಆಟ ಅಂತ ಅನ್ನಿಸಿದ್ರೆ, ಇನ್ನೊಂದು ಸಲ ನಾನು ಈ ಮಾತೇ ಎತ್ತಲ್ಲ."

ಬೇರೆ ದಿನವಾಗಿದ್ದರೆ ಶಿವಲಿಂಗಮ್ಮ ಬಗ್ಗುತ್ತಿರಲಿಲ್ಲ. ಆದರೆ ನಿನ್ನೆ ಸಂಜೆ ಮಗು ಆಡಿದ ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತಿತ್ತು. ಅಂಗೈಯಲ್ಲಿದ್ದ ಎಣ್ಣೆಯನ್ನು ತಮ್ಮ ಮೊಣಕಾಲಿಗೇ ಸವರಿಕೊಂಡು, "ನಡಿಯವ್ವ, ಅದೇನ್ ಮಾಡ್ತರೋ ನೋಡ್ಕೊಂಡು ಬತ್ತೀನಿ" ಅಂತ ಎದ್ದರು.

ಎರಡನೇ ಕ್ಲಾಸಿನ ಟೀಚರು ಪೊನ್ನರಸಿ. ಅಜ್ಜಿ ಬಂದದ್ದು ನೋಡಿ ನಗುತ್ತಾ ಬರಮಾಡಿಕೊಂಡು ಗೋಡೆಯ ಪಕ್ಕ ಕುರ್ಚಿ ಹಾಕಿಸಿದರು. ಸುಗುಣಾ ಪಕ್ಕದಲ್ಲಿ ನಿಂತಳು, ತಮಿಳು ತಿಳಿಯದ ಕಡೆ ಹೇಳಲಿಕ್ಕೆ. ಬೆಂಚುಗಳನ್ನೆಲ್ಲ ಬದಿಗೆ ಸರಿಸಿದ್ದರು. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತಿದ್ದವು. ಪ್ರತಿ ಗುಂಪಿನ ಮುಂದೆ ಪೊರಕೆಕಡ್ಡಿಯ ತುಂಡುಗಳು. ಹತ್ತು ಕಡ್ಡಿಗೊಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿದ್ದರು, ಮಿಕ್ಕವು ಬಿಡಿ. 'ಇದಕ್ಕೋಸ್ಕರ ಬಂದೆನಲ್ಲಪ್ಪಾ' ಅಂದುಕೊಂಡರು ಶಿವಲಿಂಗಮ್ಮ.

ವಿಭಾ ಹಿಂದೆ ಹೋಗಿ ಗೋಡೆಗೆ ಒರಗಿ ಕೂತಿದ್ದಳು. ಟೀಚರು ಅವಳನ್ನು ಕರೆದು ಮುಂದಿನ ಗುಂಪಿಗೆ ಸೇರಿಸಿ, ಮೂರು ಕಟ್ಟು, ಎರಡು ಬಿಡಿಕಡ್ಡಿ ಕೈಗೆ ಕೊಟ್ಟರು. ಎದುರಿಗೆ ಮೌನ ಅನ್ನುವ ಹುಡುಗಿ ಅಂಗೈ ಚಾಚಿ ಕೂತಿದ್ದಳು.

"ನಿನ್ನ ಹತ್ರ ಮೂವತ್ತೆರಡು ಇದೆ. ಮೌನಾಗೆ ಹದಿನೈದು ಕೊಡು."

ನಿನ್ನೆಯ ಅದೇ ಲೆಕ್ಕ! ಶಿವಲಿಂಗಮ್ಮ ಕುರ್ಚಿಯ ತುದಿಗೆ ಸರಿದು ಕೂತರು.

ವಿಭಾ ಒಂದು ಕಟ್ಟು ಕೊಟ್ಟಳು. ಹತ್ತಾಯಿತು. ಇನ್ನು ಐದು ಕೊಡಬೇಕು, ಬಿಡಿ ಇರುವುದು ಎರಡೇ. ಕಟ್ಟಿನ ಕಡೆ ನೋಡಿದಳು, ಬಿಡಿಕಡ್ಡಿಯ ಕಡೆ ನೋಡಿದಳು. ಕೊನೆಗೆ ಅಳುಕುತ್ತಾ ಕೇಳಿದಳು.

"ಮಿಸ್, ಕಟ್ಟು ಬಿಚ್ಚಲಾಮಾ?"

"ಬಿಚ್ಚಮ್ಮಾ, ನಿನ್ನದೇ ತಾನೇ?"

ರಬ್ಬರ್ ಬ್ಯಾಂಡ್ ಎಳೆದಳು. ಕಡ್ಡಿಗಳು ಬಳಬಳ ಉದುರಿದವು. ಎಲ್ಲ ಬಿಡಿಕಡ್ಡಿಗಳನ್ನೂ ಒಟ್ಟಿಗೆ ಸೇರಿಸಿ ಎಣಿಸತೊಡಗಿದಳು. ಹತ್ತು, ಹನ್ನೊಂದು, ಹನ್ನೆರಡು. ಅಲ್ಲಿಗೇ ನಿಂತಳು. ಕಣ್ಣು ಇಷ್ಟಗಲವಾಯಿತು. ಮತ್ತೊಂದು ಸಲ ಎಣಿಸಿದಳು. ಆಮೇಲೆ ಎದ್ದು ನಿಂತು, ಶಾಲೆ ಅನ್ನುವುದನ್ನೂ ಮರೆತು, ಅಪ್ಪಟ ಕನ್ನಡದಲ್ಲಿ ಕೂಗಿದಳು: "ಅಜ್ಜೀ! ಹನ್ನೆರಡು! ಅಪ್ಪ ಹೇಳಿದ ಒಂದು ಬರೀ ಒಂದಲ್ಲ ಅಜ್ಜಿ, ಅದು ಒಂದು ಕಟ್ಟು! ಅದ್ರೊಳಗೆ ಹತ್ತು ಇದೆ!"

ಐದು ಕಡ್ಡಿ ಎಣಿಸಿ ಮೌನಳ ಕೈಗಿಟ್ಟಳು. ತನ್ನ ಹತ್ತಿರ ಒಂದು ಕಟ್ಟು, ಏಳು ಬಿಡಿ. ಹದಿನೇಳು. ಯಾರೂ ಹೇಳಿಕೊಡಲಿಲ್ಲ.

ಶಿವಲಿಂಗಮ್ಮನಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಸೆರಗಿನಿಂದ ಕಣ್ಣೊತ್ತಿಕೊಂಡರೂ ನಿಲ್ಲಲಿಲ್ಲ. ಟೀಚರು ಹತ್ತಿರ ಬಂದು ಏನೋ ಹೇಳಿದರು, ಸುಗುಣಾ ಅದನ್ನು ತಿಳಿಸಿದಳು.

"ದೊಡ್ಡಮ್ಮಾ, ಪಾಪಾಗೆ ಏನೂ ಕುರೈ ಇಲ್ವಂತೆ. ಬುದ್ಧಿ ಚುರುಕಾಗೇ ಇದೆಯಂತೆ. ಶುಕ್ರವಾರ ಬರದೇ ಇದ್ದಿದ್ದಕ್ಕೆ ಬರೀ ಅಂಕಿ ನೋಡಿದಾಳೆ, ಅದರ ಹಿಂದಿನ ಕಟ್ಟು ನೋಡೇ ಇಲ್ಲ. ಇನ್ನೊಂದು ಏನಂದ್ರೆ, ಯಾರಿಗೆ ಬಂತು ಯಾರಿಗೆ ಬರಲಿಲ್ಲ ಅಂತ ಟೀಚರ್ ನೋಡೋದೂ ಇದೇ ದಿನ. ಬರದಿದ್ದೋರನ್ನ ಸೋಮವಾರ ಬೇರೆ ಕೂರಿಸಿ ಹೇಳ್ಕೊಡ್ತಾರೆ. ಇವಳು ಅವರ ಕಣ್ಣಿಗೇ ಬೀಳಲಿಲ್ಲ."

"ಮತ್ತೆ ಇವ್ರು ಹೇಳ್ಬಾರ್ದಿತ್ತಾ ನಮ್ಗೆ?"

ಹೇಳಿದ್ದರು. ಫೋನಿಗೆ ತಮಿಳಿನಲ್ಲಿ ಬರೆದು ಕಳಿಸಿದ್ದರು. ಪ್ರತಾಪನಿಗಾಗಲಿ ಅನಸೂಯಳಿಗಾಗಲಿ ತಮಿಳು ಓದಲು ಬರುವುದಿಲ್ಲ. ಆಟದ ವಿಷಯವಿರಬೇಕು ಅಂತ ಬಿಟ್ಟಿದ್ದರು. "ನಾನೇ ಒಂದು ಮಾತು ಕರೆದು ಹೇಳಬೇಕಿತ್ತು" ಅಂತ ಟೀಚರೂ ನೊಂದುಕೊಂಡರು. ತಪ್ಪಿಹೋದ ಚಟುವಟಿಕೆಗಳನ್ನು ಸೋಮವಾರದ ಗುಂಪಿನಲ್ಲಿ ಒಂದೊಂದಾಗಿ ಮಾಡಿಸುತ್ತೇನೆ, ಹೆದರಬೇಡಿ ಅಂದರು. ಇನ್ನು ಮೇಲೆ ಕ್ಲಾಸಿನಲ್ಲಿ ಯಾರೂ ಯಾರನ್ನೂ ಮಕ್ಕು ಅನ್ನಕೂಡದು ಅಂತ ಮಕ್ಕಳಿಗೂ ಹೇಳಿದರು.

"ನಾ ತಲೆ ತಂಪು ಮಾಡ್ತೀನಿ ಅಂತ ಹೋಗಿ ಕೂಸಿನ ಓದಿಗೇ ತಣ್ಣೀರು ಎರಚಿಬುಟ್ಟೆ ಕಣೆ ಸುಗುಣಾ" ಅಂದರು ಶಿವಲಿಂಗಮ್ಮ. ಆದರೂ ದಾರಿಯುದ್ದಕ್ಕೂ ಮುಖದಲ್ಲಿ ನಗು. ಎಷ್ಟೋ ತಿಂಗಳಿಂದ ಹೊತ್ತ ಕಲ್ಲು ಇಳಿಸಿದಂತಾಗಿತ್ತು. ಮಗು ಚೆನ್ನಾಗಿದೆ! ಏನೂ ಆಗಿಲ್ಲ!

ಸಂಜೆ ಪ್ರತಾಪ್ ಬಾಗಿಲು ತೆಗೆದರೆ ಮನೆ ತುಂಬ ಪೊರಕೆಕಡ್ಡಿ. ಹೊಸ ಪೊರಕೆಯನ್ನು ಅಜ್ಜಿ ಮೊಮ್ಮಗಳು ಸೇರಿ ಬಿಚ್ಚಿಹಾಕಿದ್ದರು.

"ಏನಮ್ಮ ಇದು ಅವತಾರ?"

"ಕೂತ್ಕೊಳಪ್ಪ ಮಾರಾಯ. ನಿನ್ನ ಮಗಳು ನಿಂಗೆ ಪಾಠ ಹೇಳ್ತಳೆ."

ನಲವತ್ತೊಂದರಲ್ಲಿ ಇಪ್ಪತ್ತಾರು ಕಳೆ ಅಂತ ಪ್ರತಾಪ್ ಬೇಕಂತಲೇ ಹೊಸ ಲೆಕ್ಕ ಕೊಟ್ಟ. ವಿಭಾ ಕಟ್ಟು ಬಿಚ್ಚಿದಳು, ಎಣಿಸಿದಳು, ಹದಿನೈದು ಅಂದಳು. "ಅಪ್ಪಾ, ಕಡ ಕೊಡೋದು ಒಂದಲ್ಲ, ಹತ್ತು. ನೀನು ಸರಿಯಾಗಿ ಹೇಳಲೇ ಇಲ್ಲ" ಅಂತ ಸೇರಿಸಿದಳು. ಪ್ರತಾಪ್ ತಾನೂ ಒಂದು ಕಟ್ಟು ಬಿಚ್ಚಿ ಕಡ್ಡಿ ಎಣಿಸಿ ನೋಡಿದ.

"ನನಗೂ ಯಾರೂ ಹೀಗೆ ತೋರಿಸಿರಲಿಲ್ಲ ಪುಟ್ಟಿ" ಅಂದ ಆಮೇಲೆ. ಅನಸೂಯಳ ಕಡೆ ತಿರುಗಿ, "ಬೇರೆ ಸ್ಕೂಲು, ಒಂದನೇ ಕ್ಲಾಸು, ಆ ಮಾತೆಲ್ಲ ಬಿಟ್ಟುಬಿಡು" ಅಂದ. ಅನಸೂಯ ಮಗಳನ್ನು ಎಳೆದು ತಬ್ಬಿಕೊಂಡಳು. ಎಷ್ಟು ದಿನದ ಮೇಲೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕರೋ!

"ಹಾಗಾದ್ರೆ ಅತ್ತೆ, ಎಣ್ಣೆನೀರು?"

"ಇನ್ಮೇಲೆ ಶನಿವಾರ."

"ಶನಿವಾರ ಗಂಡಸರಿಗೆ ಅಂತ ನೀವೇ ಹೇಳ್ತಿದ್ರಿ!"

"ಶನಿಮಾತ್ಮ ಕೇಳಾಕೆ ಬಂದ್ರೆ ನನ್ನತ್ರ ಕಳ್ಸು. ನಾನು ಉತ್ತರ ಹೇಳ್ಕತೀನಿ."

ಸೋಮವಾರ ಬೆಳಗ್ಗೆ ಶಿವಲಿಂಗಮ್ಮ ಹೊಟ್ಟೆನೋವಿಗೆ ಓಮದ ನೀರು ಕಾಯಿಸಿ ಕಾದಿದ್ದರು. ವಿಭಾ ಇಡ್ಲಿ ತಿಂದು, ಚೀಲ ಹೆಗಲಿಗೇರಿಸಿ, "ಅಜ್ಜಿ, ಲೇಟಾಗುತ್ತೆ, ಸೀಕ್ರಂ ಬಾ" ಅಂತ ಮೆಟ್ಟಿಲು ಇಳಿದುಬಿಟ್ಟಿದ್ದಳು. ಮುದುಕಿ ಓಮದ ನೀರನ್ನು ತಾವೇ ಕುಡಿದು ಹಿಂದೆ ಓಡಿದರು.

ಅಕ್ಕ ತಂಗಿಯರೇ, ಅಣ್ಣಂದಿರೇ, ಮನೆಯ ಹಿರಿಯರೇ, ನಿಮ್ಮನ್ನೂ ಒಂದು ಮಾತು ಕೇಳುತ್ತೇವೆ. ವಾರದಲ್ಲಿ ಒಂದು ದಿನ ಶಾಲೆಯಲ್ಲಿ ಕಡ್ಡಿ, ಬೀಜ, ಬಣ್ಣ, ಕತೆ ಅಂತ ಮಾಡಿಸಿದರೆ ಅದನ್ನು ಆಟ ಅಂತ ತಳ್ಳಿಹಾಕಬೇಡಿ. ಉಳಿದ ದಿನಗಳ ಪಾಠ ಮಗುವಿನ ಕೈಗೆ ಹತ್ತುವುದು ಅವತ್ತೇ. ಪೂಜೆ, ನೆಂಟರು, ಮದುವೆ ಅಂತ ಆ ದಿನವನ್ನೇ ಹುಡುಕಿ ರಜಾ ಹಾಕಿಸಬೇಡಿ. ತಪ್ಪಿಹೋಗಿದ್ದರೆ ಟೀಚರನ್ನು ಕೇಳಿ, ಮತ್ತೆ ಮಾಡಿಸುತ್ತಾರೆ. ಶಾಲೆಯಿಂದ ಬಂದ ಸಂದೇಶ ಓದಲು ಬರದಿದ್ದರೆ ನೆರೆಮನೆಯವರಿಂದ ಓದಿಸಿಕೊಳ್ಳಿ, ಅದರಲ್ಲಿ ನಾಚಿಕೆಯಿಲ್ಲ. ಸಂಜೆ ಮಗು ಬಂದಾಗ ಏನು ಬರೆದೆ ಅಂತ ಕೇಳುವ ಜೊತೆಗೆ ಏನು ಮಾಡಿದೆ ಅಂತಲೂ ಕೇಳಿ. ಮತ್ತೆ, ಮಗುವಿಗೆ ಬುದ್ಧಿ ಸಾಲದು ಅನ್ನುವ ಮಾತು ನಿಮ್ಮ ಬಾಯಿಗೆ ಬಂದರೆ, ಅಲ್ಲೇ ತಡೆದು ಮೊದಲು ಇದನ್ನು ಕೇಳಿಕೊಳ್ಳಿ: ಹೇಳಿಕೊಟ್ಟ ದಿನ ಮಗುವನ್ನು ನಾವು ಶಾಲೆಗೆ ಕಳಿಸಿದ್ದೆವೇ?