ನಿಂಬೆಹಣ್ಣು ದಾಟಿದ ಸೈಕಲ್

ನಲವತ್ತು ದಾಟಿದರೂ ಪದ್ಮಿನಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ತಾವಿದ್ದ ಸ್ವೀಡನ್ನಿನ ಎಸ್ಕಿಲ್‌ಸ್ಟುನಾ ಊರಿನಲ್ಲಿ ಅಜ್ಜಿಯರೂ ಸೈಕಲ್ಲಿನಲ್ಲಿ ಸರ್ರೆಂದು ಹೋಗುವುದನ್ನು ಕಂಡಾಗಲೆಲ್ಲ ಆಸೆಯಾಗುತ್ತಿತ್ತು. ಬೀಳುವ ಭಯ ಮಾತ್ರ ಬಿಡುತ್ತಿರಲಿಲ್ಲ.

ಒಂದು ಶನಿವಾರ ಗಂಡ ರಾಜಗೋಪಾಲ ದೊಡ್ಡ ಅಂಗಡಿಯಿಂದ ವಿಚಿತ್ರವಾದ ಸೈಕಲ್ಲೊಂದನ್ನು ತಂದ. ಮುಂದಿನ ಚಕ್ರ ಮಾರುದೂರ ಚಾಚಿಕೊಂಡಿತ್ತು, ಹ್ಯಾಂಡಲ್ ಎಮ್ಮೆಯ ಕೊಂಬಿನಂತೆ ಮೇಲೆದ್ದಿತ್ತು, ಅಗಲವಾದ ಸೀಟು ಮೊಣಕಾಲೆತ್ತರದಲ್ಲಿತ್ತು.

"ಇದೇನ್ರೀ, ಬುಲೆಟ್‌ಗೆ ಇಂಜಿನ್ ಹಾಕೋದು ಮರೆತುಬಿಟ್ರಾ?"

"ನಗಬೇಡ ಕಣೇ. ಕೂತ್ರೆ ಎರಡೂ ಕಾಲು ನೆಲಕ್ಕೆ ಸಿಗುತ್ತೆ. ಬೀಳೋದೆಲ್ಲಿಂದ ಬಂತು?"

ಹೊಸ ಗಾಡಿಯೆಂದ ಮೇಲೆ ಪೂಜೆಯಾಗಬೇಕಲ್ಲ. ಮನೆಯ ಮುಂದೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಮುಂದಿನ ಚಕ್ರದಡಿ ನಿಂಬೆಹಣ್ಣಿಟ್ಟರು. ರಾಜಗೋಪಾಲ ಸೈಕಲ್ ತಳ್ಳಿದರೆ ಹಣ್ಣು ಅಪ್ಪಚ್ಚಿಯಾಗದೆ ಮುಂದಕ್ಕೆ ಉರುಳಿತು.

"ಭಾರ ಸಾಲದು. ಗಾಡಿ ನಿಂದು, ನೀನೇ ಕೂತ್ಕೋ."

ಪದ್ಮಿನಿ ಕೂತು, ಕಾಲಿನಿಂದ ನೆಲವನ್ನು ಜೋರಾಗಿ ಹಿಂದಕ್ಕೊತ್ತಿದಳು. ಹಣ್ಣು ಪಚಕ್ಕೆಂದಿತು. ಅದರಾಚೆ ಇಳಿಜಾರು. ಕಾಲುಗಳು ತಾವಾಗಿಯೇ ಪೆಡಲ್ ಹತ್ತಿದವು. ಬರ್ಚ್ ಮರಗಳು ಒಂದೊಂದಾಗಿ ಹಿಂದೆ ಸರಿಯತೊಡಗಿದವು. ತಾನು ಬೀಳುತ್ತಿಲ್ಲ! ನೆಲವೇ ತನ್ನನ್ನು ಅಂಗೈಯಲ್ಲಿಟ್ಟು ಸಾಗಿಸುತ್ತಿದೆಯೆನ್ನಿಸಿ ಅವಳಿಗೆ ಕಣ್ಣು ತುಂಬಿತು.

"ಪದ್ದೂ, ನಿಲ್ಲಿಸೇ!" ರಾಜಗೋಪಾಲ ಊದುಬತ್ತಿ ಹಿಡಿದೇ ಹಿಂದೆ ಓಡಿ ಬಂದ.

"ಯಾಕ್ರೀ ನಿಲ್ಲಿಸ್ಲಿ?" ಎಂದು ಕೂಗಿ ಪದ್ಮಿನಿ ನದಿಯ ದಾರಿಗೆ ಹ್ಯಾಂಡಲ್ ತಿರುಗಿಸಿದಳು.