ನೂಲಿನಷ್ಟು ಸಂದು

ಇಲಕಲ್ಲಿನ ರೇಡಿಯೊ ರಿಪೇರಿ ರಾಚಯ್ಯನಿಗೆ ಒಂದು ಚಟ. ಬಿಚ್ಚಿದ ಪೆಟ್ಟಿಗೆಯನ್ನು ಮುಚ್ಚುವ ಮುಂಚೆ ಒಳಗಿನ ಹಲಗೆಯ ಮೇಲೆ ಪೆನ್ಸಿಲಿನಿಂದ ತನ್ನ ಹೆಸರು, ಇಸವಿ ಬರೆಯುವುದು. ಬಾಗಲಕೋಟೆಯಿಂದ ಹುನಗುಂದದವರೆಗೆ ಎಷ್ಟು ಪೆಟ್ಟಿಗೆಗಳ ಹೊಟ್ಟೆಯೊಳಗೆ ಅವನ ಹೆಸರು ಕೂತಿತ್ತೋ ಅವನಿಗೇ ಗೊತ್ತಿಲ್ಲ. ಒಂದರಲ್ಲೂ ಇನ್ನೊಬ್ಬರ ಕೈ ಬಿದ್ದಿಲ್ಲ ಎಂಬುದೇ ಅವನ ಜಂಬ.

೧೯೮೧ರಲ್ಲಿ ಆ ಜಂಬಕ್ಕೆ ಕುತ್ತು ಬಂತು. ಬಾಗಲಕೋಟೆಯ ಜಯತೀರ್ಥ ಮಾಸ್ತರರು ತಮ್ಮ ಹಳೆಯ ವಿಲಾಯತಿ ಸ್ಪೀಕರ್ ಪೆಟ್ಟಿಗೆ ತಂದಿಟ್ಟರು. ಅದರ ಬೆನ್ನಿಗೆ ತೆಳು ದನಿಯನ್ನು ಏರಿಸಿ ಇಳಿಸುವ ಒಂದು ಗುಂಡಿ. ತಿರುಗಿಸಿದರೆ ಕರಕರ ಸದ್ದು, ಹಾಡಿನ ಹಿಂದಿನ ತಂಬೂರಿಯ ದನಿ ಮಾಯ. ಬಿಚ್ಚಿ ನೋಡಿದರೆ, ಬಳೆಚೂರಿನಂಥ ಪಟ್ಟಿಗೆ ಸುತ್ತಿದ ಕೂದಲೆಳೆಯಷ್ಟು ಸಣ್ಣ ತಂತಿ ಕಿಲುಬು ಹಿಡಿದು ಹರಿದಿತ್ತು. ಅಂಥ ಗುಂಡಿ ಮುಂಬಯಿಯಲ್ಲೂ ಸಿಗಲಿಲ್ಲ. ಹೊಸ ತಂತಿ ಸಿಕ್ಕಿತು, ಸುತ್ತುವ ಕೈ ಇರಲಿಲ್ಲ. ರಾಚಯ್ಯನ ಬೆರಳುಗಳು ಈಚೆಗೆ ನಡುಗುತ್ತಿದ್ದವು. ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಅಂಗಡಿಗೆ ಯಾರು ಬಂದಾರು?

ಮೂರು ಸಲ ತಂತಿ ಹರಿದ ಮೇಲೆ ಪಕ್ಕದ ಮನೆಯ ಗುರುಸಿದ್ದವ್ವನನ್ನು ಕರೆದ. ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಹೆಂಗಸು. ಸೀರೆ ಚಂದ ಬಂದರೆ ನೇಕಾರನ ಹೆಸರು, ಕಂಡಿಕೆ ಸುತ್ತಿದವರನ್ನು ಯಾರು ಕೇಳುತ್ತಾರೆ? ಆಕೆ ನೋಡನೋಡುತ್ತಲೇ ಸುತ್ತಿಬಿಟ್ಟಳು. ತಂತಿಯ ಸುತ್ತುಗಳು ಒಂದಕ್ಕೊಂದು ಅಂಟಿ ಕೂತು ಥಳಥಳ ಹೊಳೆದವು. ರಾಚಯ್ಯ ಹಣೆ ಬಡಿದುಕೊಂಡ.

"ಯವ್ವಾ, ಭಾಳ ಚಂದ ಆತು, ಆದ್ರ ಕೆಲಸಕ್ಕ ಬರಂಗಿಲ್ಲ. ಒಂದಕ್ಕೊಂದು ತಾಕಿದ್ರ ಕರೆಂಟು ಅಡ್ಡದಾರಿ ಹಿಡಿತೈತಿ. ನಡುವ ನೂಲಿನಷ್ಟು ಸಂದು ಬೇಕು."

"ನೂಲಿನಷ್ಟ ಹೌದಲ್ರಿ?" ಎಂದವಳೇ ಬುಟ್ಟಿಯಿಂದ ಒಂದು ರೇಷ್ಮೆ ಎಳೆ ತೆಗೆದಳು. ತಂತಿ, ನೂಲು ಎರಡನ್ನೂ ಜೋಡಿಸಿ ಹಿಡಿದು ಸುತ್ತಿದಳು. ರಾಚಯ್ಯ ತಂತಿಯ ತುದಿಗಳಿಗೆ ಬೆಸುಗೆ ಹಾಕಿದ ಮೇಲೆ ಆಕೆ ನೂಲನ್ನಷ್ಟೇ ಮೆಲ್ಲಗೆ ಬಿಚ್ಚಿ ತೆಗೆದಳು. ತಂತಿ ಸಾಲಾಗಿ ನಿಂತಿತ್ತು, ನಡುವೆ ನೂಲಿನಷ್ಟೇ ಸಂದು. ರಾಚಯ್ಯನಿಗೆ ಆ ಬೆರಳುಗಳಿಗೆ ಕೈಮುಗಿಯಬೇಕು ಅನ್ನಿಸಿತು.

ಆದರೆ ಹೊಳೆ ದಾಟಿದ ಮೇಲೆ ಅಂಬಿಗನ ಮಿಂಡ ಅನ್ನುತ್ತಾರಲ್ಲ. ಪೆಟ್ಟಿಗೆ ಮುಚ್ಚುವಾಗ ತನ್ನ ಹೆಸರನ್ನೇ ಬರೆದ.

ಸೋಮವಾರ ಮಾಸ್ತರರು ಬಂದರು. ಅಂಗಡಿಯ ಗ್ರಾಮಫೋನಿಗೆ ಪೆಟ್ಟಿಗೆ ಜೋಡಿಸಿ, ಹಾಡಿನ ತಟ್ಟೆ ಹಚ್ಚಿ ಗುಂಡಿ ತಿರುಗಿಸಿದರು. ತಂಬೂರಿ ಎಳೆ ಎಳೆಯಾಗಿ ಕೇಳಿತು. ಕರಕರದ ಸುಳಿವಿಲ್ಲ.

"ಏನ್ ಕೈ ಅದೋ ರಾಚಯ್ಯ ನಿಂದು! ಮುಂಬಯಿಯೊಳಗೂ ಇಂಥಾ ಕೈ ಇಲ್ಲ."

ರಾಚಯ್ಯ ಆ ಕೈಯನ್ನು ಮೇಜಿನ ಕೆಳಗೆ ಅಡಗಿಸಿಕೊಂಡಿದ್ದ. ಬಾಗಿಲಲ್ಲಿ ಗುರುಸಿದ್ದವ್ವ ನಿಂತಿದ್ದಳು. ಮಾತಿನ ಕಡೆ ಅವಳಿಗೆ ಲಕ್ಷ್ಯವೇ ಇಲ್ಲ, ತಂಬೂರಿ ಕೇಳುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಆ ನಗು ನೋಡಿ ರಾಚಯ್ಯನಿಗೆ ನಾಚಿಕೆಯಾಯಿತು. ಎದ್ದು ಹಾಡು ನಿಲ್ಲಿಸಿದ, ಪೆಟ್ಟಿಗೆಯ ಎಂಟೂ ಸ್ಕ್ರೂ ಬಿಚ್ಚತೊಡಗಿದ.

"ಮತ್ತೇನ್ ಕೆಟ್ಟದೋ?" ಮಾಸ್ತರರು ಗಾಬರಿಯಾದರು.

"ಒಳಗ ಹೆಸರು ತಪ್ಪೈತ್ರಿ."

ತನ್ನ ಹೆಸರಿಗೆ ಗೀಟು ಎಳೆದು, ಇಬ್ಬರೂ ನೋಡುತ್ತಿದ್ದಂತೆ, ನಡುಗುವ ಕೈಯಿಂದಲೇ ಸೊಟ್ಟ ಸೊಟ್ಟ ಅಕ್ಷರಗಳಲ್ಲಿ ಬರೆದ: ಗುರುಸಿದ್ದವ್ವ, ಇಲಕಲ್ಲ, ೧೯೮೧.